ಆಣೆಗೆ ಸಿಗದ ಪಾಲು

ಮೋಜಣಿದಾರರ ಸರಪಳಿಯಲ್ಲಿ ಹದಿನಾರು ಕೊಂಡಿಗಳಿದ್ದವು. ಹನ್ನೊಂದನೆಯದು ಬಾಗಿ, ಅರ್ಧ ಬೆರಳಿನಷ್ಟು ಗಿಡ್ಡವಾಗಿತ್ತು. ಅವರು ಅದನ್ನು ಮನೆಮುಂದಿನ ಕಟ್ಟೆಯ ಅಂಚಿನ ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದರು. ಪೂರ್ತಿ ಸರಪಳಿಯ ಉದ್ದ ಮೂವತ್ಮೂರು ಅಡಿ. ಅಷ್ಟು ಉದ್ದ, ಅಷ್ಟೇ ಅಗಲದ ನೆಲ ಒಂದು ಗುಂಟೆ. ನಲವತ್ತು ಗುಂಟೆ ಒಂದು ಎಕರೆ. ಒಂದೊಂದು ಕೊಂಡಿಗೂ, ಗುಂಟೆಯ ಹದಿನಾರನೇ ಒಂದು ಭಾಗಕ್ಕೂ ಆಣೆ ಎಂದೇ ಹೆಸರು.

"ಈ ಸರಪಳಿ ನನ್ನ ಬೀಬಿಗಿಂತ ಹಳೇದೈತ್ರಿ ಬಾಯಾರ," ಎಂದರು ಮೋಜಣಿದಾರರು. "ಆದ್ರ ಆಕಿಗಿಂತ ಲಗೂ ನೆಟ್ಟಗ ಆಕ್ಕೈತಿ."

ಕಟ್ಟೆಯ ಮೇಲಿದ್ದವರು ನಕ್ಕರು. ನಾನು ನಗಲಿಲ್ಲ. ನನ್ನ ಗಮನ ಕೊಂಡಿಯ ಮೇಲಿತ್ತು.

ಇದು ಎಂಬತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ಕಾನೂನು ಓದಿ ಮುಗಿಸಿ, ರಾಣೆಬೆನ್ನೂರಿನ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕಿರಿಯಳಾಗಿ ಸೇರಿದ್ದೆ. ಐರಣಿ ಕಡೆಯ ಒಂದು ಮನೆತನದ ವಾಟ್ನಿ, ಎಂದರೆ ಆಸ್ತಿಯ ಪಾಲು, ಆಗಬೇಕಿತ್ತು. ಆ ಮನೆಯ ಹಿರಿಯ ಮಗ ನಮ್ಮ ಕಕ್ಷಿದಾರ. ವಕೀಲರು ನನ್ನನ್ನು ಕಳಿಸುವಾಗ ಹೇಳಿದ್ದು ಇಷ್ಟೇ: "ಎಲ್ಲಾರೂ ಒಪ್ಪ್ಯಾರ. ನೀ ಹೋಗಿ ಪಾಲಿನ ಲೆಕ್ಕಾ ನೋಡಿ, ಪತ್ರದ ಕರಡು ಬರಕೊಂಡ ಬಾ. ಮಾತು ಕಡಿಮಿ ಇರ್ಲಿ." ಮಾತು ಕಡಿಮೆ ಇಡಲು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಲೆಕ್ಕವನ್ನು ಹಿಂದಿನ ಸಂಜೆಯೇ ಮಾಡಿಟ್ಟುಕೊಂಡಿದ್ದೆ. ತಂದೆ ತೀರಿಕೊಂಡು ವರ್ಷವಾಗಿತ್ತು. ಹಿರಿಯರಿಂದ ಬಂದ ಜಮೀನು ಹದಿನೇಳೂವರೆ ಎಕರೆ. ಉಳಿದವರು ಐವರು: ತಾಯಿ, ಇಬ್ಬರು ಗಂಡುಮಕ್ಕಳು, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು. ಆಗಿನ ಕಾನೂನಿನಲ್ಲಿ, ನಮ್ಮ ಮುಂಬೈ ಕರ್ನಾಟಕದ ಕಡೆಯ ರೀತಿಯಂತೆ, ತಂದೆ ಸಾಯುವುದಕ್ಕೆ ಸ್ವಲ್ಪ ಮೊದಲು ಪಾಲು ಆಗಿತ್ತೆಂದು ಊಹಿಸಿಕೊಳ್ಳಬೇಕು. ಆ ಊಹೆಯ ಪಾಲಿನಲ್ಲಿ ತಂದೆ, ತಾಯಿ, ಇಬ್ಬರು ಗಂಡುಮಕ್ಕಳಿಗೆ ತಲಾ ನಾಲ್ಕನೇ ಒಂದು. ಹೆಣ್ಣುಮಕ್ಕಳಿಗೆ ಅದರಲ್ಲಿ ಏನೂ ಇಲ್ಲ. ಆಮೇಲೆ ತಂದೆಯ ನಾಲ್ಕನೇ ಒಂದನ್ನು ಮಾತ್ರ ಐದೂ ಜನಕ್ಕೆ ಸಮವಾಗಿ ಹಂಚಬೇಕು. ನಾಲ್ಕನೇ ಒಂದನ್ನು ಐದರಿಂದ ಭಾಗಿಸಿದರೆ ಇಪ್ಪತ್ತನೇ ಒಂದು. ಹೆಣ್ಣುಮಗಳ ಪಾಲು ಅಷ್ಟೇ.

ತಾಯಿ ಮತ್ತು ಗಂಡುಮಕ್ಕಳಿಗೆ ತಮ್ಮ ನಾಲ್ಕನೇ ಒಂದರ ಜೊತೆ ಈ ಇಪ್ಪತ್ತನೇ ಒಂದೂ ಕೂಡುತ್ತದೆ. ಛೇದ ಬೇರೆ ಬೇರೆ ಇರುವಾಗ ಕೂಡಿಸಲು ಬರುವುದಿಲ್ಲವಾದ್ದರಿಂದ ನಾಲ್ಕನೇ ಒಂದನ್ನು ಇಪ್ಪತ್ತನೇ ಐದು ಮಾಡಿಕೊಂಡೆ. ಐದಕ್ಕೆ ಒಂದು ಕೂಡಿ ಇಪ್ಪತ್ತನೇ ಆರು. ಆರು, ಆರು, ಆರು, ಒಂದು, ಒಂದು: ಒಟ್ಟು ಇಪ್ಪತ್ತು. ಇನ್ನು ಜಮೀನು. ಹದಿನೇಳೂವರೆ ಮಿಶ್ರಸಂಖ್ಯೆ, ಗುಣಿಸುವ ಮೊದಲು ಅದನ್ನು ಒಡೆದು ಎರಡನೇ ಮೂವತ್ತೈದು ಮಾಡಬೇಕು. ಅದರ ಇಪ್ಪತ್ತನೇ ಒಂದು ಎಂದರೆ ನಲವತ್ತನೇ ಮೂವತ್ತೈದು ಎಕರೆ. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ಸರಿಯಾಗಿ ಮೂವತ್ತೈದು ಗುಂಟೆ. ಉಳಿದ ಮೂವರಿಗೆ ಅದರ ಆರು ಪಟ್ಟು, ಇನ್ನೂರ ಹತ್ತು ಗುಂಟೆ: ತಲಾ ಐದೂಕಾಲು ಎಕರೆ. ಕಟ್ಟೆಯ ಮೇಲೆ ಕೂತು ಹೇಳಲಿಕ್ಕೆ ಇದಕ್ಕಿಂತ ಸಲೀಸಾದ ಲೆಕ್ಕ ಸಿಗುವುದಿಲ್ಲ ಎಂದುಕೊಂಡಿದ್ದೆ.

ಕಟ್ಟೆಯ ಮೇಲೆ ಅಣ್ಣ, ತಮ್ಮ, ಅವರು ಕಾಕಾ ಎಂದು ಕರೆಯುತ್ತಿದ್ದ ಊರ ಹಿರಿಯರೊಬ್ಬರು ಕೂತಿದ್ದರು. ತಾಯಿ ಬಾಗಿಲೊಳಗೆ ಗೋಡೆಗೆ ಒರಗಿದ್ದರು. ಹೆಣ್ಣುಮಕ್ಕಳಿಬ್ಬರೂ ಹೊಸ್ತಿಲ ಆಚೆ ನಿಂತಿದ್ದರು. ಕೂಡ್ರಿ ಎಂದು ಯಾರೂ ಅನ್ನಲಿಲ್ಲ. ನನಗೆ ಕುರ್ಚಿ ಹಾಕಿದ್ದರು. ಅವಲಕ್ಕಿ ಬಂತು, ಚಹಾ ಬಂತು. ಚಹಾದ ಮೇಲೆ ಕೆನೆ ಕಟ್ಟಿ ಕಪ್ಪಿಗೆ ಅಂಟಿಕೊಂಡಿತ್ತು. ಹಿರಿಯರು ಎಲೆ-ಅಡಿಕೆಯ ರಸವನ್ನು ಕಟ್ಟೆಯ ಮೂಲೆಗೆ ಉಗುಳಿ, ಅದರ ಮೇಲೆ ನೊಣ ಕೂಡುವುದನ್ನು ನೋಡುತ್ತಲೇ ಮಾತಿಗೆ ಶುರುಮಾಡಿದರು.

"ಹೇಳ್ರಿ ಬಾಯಾರ. ಯಾರಿಗೆ ಎಷ್ಟಾಣೆ?"

ನಾನು ಇಪ್ಪತ್ತನೇ ಆರು, ಇಪ್ಪತ್ತನೇ ಒಂದು ಎಂದೆ.

"ಅದು ಸಾಲೀ ಲೆಕ್ಕಾ ಆತು. ಆಣೇದಾಗ ಹೇಳ್ರಿ. ನಮ್ಮೂರಾಗ ಹೊಲಾ ಅಂದ್ರ ಹದಿನಾರಾಣೆ. ನಮ್ಮ ಮುತ್ತ್ಯಾನ ಕಾಲದಿಂದ ಹಂಗ ಐತಿ."

ಇದು ನಿಜ. ಆ ಕಡೆ ಆಸ್ತಿ ಎಷ್ಟೇ ಇರಲಿ, ಹಳೆಯ ರೂಪಾಯಿಯಂತೆ ಪೂರ್ತಿಗೆ ಹದಿನಾರಾಣೆ ಎನ್ನುತ್ತಾರೆ. ಎಂಟಾಣೆ ಪಾಲು ಎಂದರೆ ಅರ್ಧ, ನಾಲ್ಕಾಣೆ ಎಂದರೆ ಕಾಲು. ಎರಡು, ನಾಲ್ಕು, ಎಂಟು ಪಾಲಾಗುವ ಮನೆಗಳಲ್ಲಿ ಇದರಿಂದ ತೊಂದರೆ ಇಲ್ಲ. ಐದು ಎಂಬ ಸಂಖ್ಯೆ ನಡುವೆ ಬಂದರೆ ಹದಿನಾರು ಅದಕ್ಕೆ ಒಗ್ಗುವುದಿಲ್ಲ. ನಾನು ಅಲ್ಲೇ ಲೆಕ್ಕ ಹಾಕಿದೆ. ಹದಿನಾರನ್ನು ಆರರಿಂದ ಗುಣಿಸಿ ಇಪ್ಪತ್ತರಿಂದ ಭಾಗಿಸಿದರೆ ನಾಲ್ಕು ಪೂರ್ಣಾಂಕ ಐದನೇ ನಾಲ್ಕು. ಹದಿನಾರರ ಇಪ್ಪತ್ತನೇ ಒಂದು, ಬರೀ ಐದನೇ ನಾಲ್ಕು.

"ತಾಯಿಗೂ ಗಂಡುಮಕ್ಕಳಿಗೂ ನಾಲ್ಕಾಣೆ, ಮೇಲೆ ಒಂದಾಣೆಯ ಐದನೇ ನಾಲ್ಕು ಭಾಗ. ಹೆಣ್ಣುಮಕ್ಕಳಿಗೆ ಒಂದಾಣೆಯ ಐದನೇ ನಾಲ್ಕು ಭಾಗ," ಎಂದೆ.

ತಮ್ಮ ಕೇಳಿದ: "ಐದನೇ ನಾಲ್ಕಾಣೆ ಅಂದ್ರ ಎಂಥಾದ್ರಿ ಅದು? ಅರ್ಧಾಣೆ ಗೊತ್ತು, ಪಾವಾಣೆ ಗೊತ್ತು, ಮುಕ್ಕಾಲಾಣೆ ಗೊತ್ತು."

"ಮುಕ್ಕಾಲಕ್ಕಿಂತ ಸ್ವಲ್ಪ ಹೆಚ್ಚು."

"ಸ್ವಲ್ಪ ಅಂದ್ರ ಚಿಲ್ಲರೆ," ಎಂದರು ಹಿರಿಯರು. "ಚಿಲ್ಲರೆ ಹಿಡಕೊಂಡು ಕುಂತ್ರ ವಾಟ್ನಿ ಆಗೂದಿಲ್ಲ. ಸರಳ ಮಾಡೂನು. ನಾಕಾಣೆ ಮ್ಯಾಲೆ ಇಷ್ಟ ಐತಂದ್ರ ಅದು ಐದಾಣೆ ಆದಂಗ. ಅವ್ವಗ ಐದು, ದೊಡ್ಡಾಂವಗ ಐದು, ಸಣ್ಣಾಂವಗ ಐದು. ಹದಿನೈದಾತಿಲ್ಲೋ? ಉಳೀತು ಒಂದಾಣೆ. ಅಕ್ಕ-ತಂಗೀಗೆ ಅರ್ಧ-ಅರ್ಧ. ಕೂಡಿಸಿ ನೋಡ್ರಿ ಬಾಯಾರ, ಹದಿನಾರು ಬರತೈತೋ ಇಲ್ಲೋ?"

ಹದಿನಾರು ಬರುತ್ತಿತ್ತು. ಮೊತ್ತ ಸರಿಯಾದರೆ ಲೆಕ್ಕ ಸರಿ ಎಂದು ನಾನೂ ಹಿಂದಿನ ಸಂಜೆ ಕೂಡಿಸಿಯೇ ನೆಮ್ಮದಿಪಟ್ಟಿದ್ದೆ. ಮೂರು ಜನರ ಪಾಲನ್ನು ಮೇಲಕ್ಕೆ ಸರಿಪಡಿಸಿದರು. ತಲಾ ಐದನೇ ಒಂದಾಣೆ, ಒಟ್ಟು ಐದನೇ ಮೂರಾಣೆ. ಅಷ್ಟನ್ನೂ ಇಬ್ಬರ ಪಾಲಿನಿಂದ ತೆಗೆದರು. ಐದಾಣೆಯವನಿಗೆ ಅದು ಚಿಲ್ಲರೆ. ಪೂರ್ತಿ ಒಂದಾಣೆಯೂ ಇಲ್ಲದವಳಿಗೆ ಎಂಟು ಪಾಲಿನಲ್ಲಿ ಮೂರು ಪಾಲು ಹೋಯಿತು. ಅರ್ಧಾಣೆ ಎಂದರೆ ಮೂವತ್ತೆರಡನೇ ಒಂದು. ಏಳುನೂರು ಗುಂಟೆಯನ್ನು ಮೂವತ್ತೆರಡರಿಂದ ಭಾಗಿಸಿದೆ: ಇಪ್ಪತ್ತೊಂದು ಪೂರ್ಣಾಂಕ ಎಂಟನೇ ಏಳು. ಮೂವತ್ತೈದರ ಜಾಗದಲ್ಲಿ ಇಪ್ಪತ್ತೆರಡೂ ಇಲ್ಲ.

ಯಾರೂ ಅವಸರ ಮಾಡಲಿಲ್ಲ, ಯಾರೂ ದನಿ ಏರಿಸಲಿಲ್ಲ. ಅಣ್ಣ ನನ್ನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿಸಿ, "ತಂಗ್ಯಾರಿಗೆ ಏನೂ ಕಡಿಮಿ ಮಾಡಿಲ್ರಿ ನಾವು. ಬ್ಯಾರೆ ಮನ್ಯಾಗ ಒಂದ ಸೀರಿ ಕೊಟ್ಟ ಕಳಸ್ತಾರ. ನಾವು ಸೀರೀನೂ ತಂದೇವಿ, ಪಾಲೂ ಕೊಡಾಕತ್ತೇವಿ," ಎಂದ. ಅವನ ಪಕ್ಕದಲ್ಲಿ ಅಂಗಡಿಯ ಚೀಲದಲ್ಲಿ ಎರಡು ಇಳಕಲ್ ಸೀರೆಗಳಿದ್ದವು. ನಾನು ತಟ್ಟೆಯನ್ನು ಕೆಳಗಿಟ್ಟೆ.

ಹಿರಿಯರು ಮೋಜಣಿದಾರರಿಗೆ ಹೊಲಕ್ಕೆ ಹೋಗಿ ನದಿಯ ಕಡೆಯ ಅಂಚಿನಲ್ಲಿ ಎರಡು ಅರ್ಧಾಣೆ ಪಟ್ಟಿಗಳ ಗುರುತು ಹಾಕಲು ಹೇಳಿದರು. ನಾನೂ ಹೊರಟೆ. ಅಳತೆಗಾರನೊಬ್ಬ ಸರಪಳಿಯ ತುದಿ ಹಿಡಿದು ಮುಂದೆ ನಡೆದ; ಮೋಜಣಿದಾರರು ಹಿಂದಿನಿಂದ ಉರ್ದುವಿನಲ್ಲಿ ಎಡ-ಬಲ ಹೇಳುತ್ತ ಗೂಟ ಹೊಡೆಸಿದರು. ಹತ್ತಿ ಗಿಡ ಕಡಿದು ಮುಗಿದ ಹೊಲ. ಕೂಳೆಗಳು ಸೀರೆಯ ಅಂಚಿಗೆ ಸಿಕ್ಕಿಕೊಳ್ಳುತ್ತಿದ್ದವು. ಕಿರಿಯ ತಂಗಿ ನಮ್ಮ ಹಿಂದೆ ಬಂದಿದ್ದಳು. ಗಂಡ ಬಿಟ್ಟುಹೋದ ಮೇಲೆ ಅವಳು ಬ್ಯಾಡಗಿಯಲ್ಲಿ ಒಂದು ಕೋಣೆ ಹಿಡಿದು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಇದನ್ನು ಮೋಜಣಿದಾರರೇ ದಾರಿಯಲ್ಲಿ ಹೇಳಿದ್ದರು.

"ಬಾಯಾರ, ನನ್ನ ಪಾಲು ಮುಕ್ಕಾಲು ಎಕರೆ ಮ್ಯಾಲೆ ಬರತೈತಿಲ್ರಿ?" ಎಂದು ಕೇಳಿದಳು.

"ಯಾಕೆ, ಮುಕ್ಕಾಲು?"

"ಬೀಜದ ಕಂಪನಿಯವರು ಮುಕ್ಕಾಲಕ್ಕ ಕಡಿಮಿ ಇದ್ರ ಪ್ಲಾಟ್, ಅಂದ್ರ ಬೀಜಾ ಬೆಳಿಯೂ ಕರಾರು, ಕೊಡೂದಿಲ್ರಿ. ನಾ ಮದಿವಿಗಿಂತ ಮೊದಲ ನಾಕು ವರ್ಷ ಮಂದಿ ಹೊಲದಾಗ ಹತ್ತಿ ಕ್ರಾಸಿಂಗ್ ಮಾಡೇನಿ. ಸಂಜೀಕ ಮೊಗ್ಗಿನ ಕೇಸರ ತಗಿಯೂದು, ಮುಂಜಾನೆ ಗಂಡ ಹೂವಿನ ಪುಡಿ ಮುಟ್ಟಸೂದು. ನಂದು ಒಂದ ಕಾಯಿ ಕೆಡತಿರಲಿಲ್ಲ. ಸೂಪರ್ವೈಜರ್ ಅಂದಾನ, ಸ್ವಂತ ಹೊಲಾ ಮಾಡಕೊಂಡ ಬಾ, ಪ್ಲಾಟ್ ಕೊಡ್ತೀನಿ ಅಂತ." ಅವಳು ಅಂಗೈ ಮುಂದೆ ಮಾಡಿದಳು. ಬೆರಳ ತುದಿಗಳಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. "ಖಾರದಾಗ ಕೈ ಇಟ್ಟ ಸಾಕಾಗೈತ್ರಿ. ಸಣ್ಣಣ್ಣ ಹೇಳ್ಯಾನ, ಮುಕ್ಕಾಲಕ್ಕ ಮೋಸಿಲ್ಲ ಅಂತ."

ಮುಕ್ಕಾಲು ಎಕರೆ ಎಂದರೆ ಮೂವತ್ತು ಗುಂಟೆ. ಸಣ್ಣಣ್ಣ, ಎಂದರೆ ಕಟ್ಟೆಯ ಮೇಲಿದ್ದ ತಮ್ಮ, ಅದನ್ನು ಹೇಳಿದ್ದು ಸುಳ್ಳಲ್ಲ. ಆಣೆಗೆ ತಿರುಗಿಸುವವರೆಗೆ ಅದು ನಿಜವಾಗಿತ್ತು. ಅರ್ಧಾಣೆಗೆ ಅವನು ತಲೆಯಾಡಿಸಿದಾಗ ಹೊಸ್ತಿಲ ಆಚೆ ನಿಂತ ತಂಗಿಯ ಕಡೆ ನೋಡಲೇ ಇಲ್ಲ. ನನ್ನ ಕಣ್ಣೆದುರೇ ಮೋಜಣಿದಾರರು ಇಪ್ಪತ್ತೊಂದು ಗುಂಟೆ ಹದಿನಾಲ್ಕಾಣೆಗೆ ಗೂಟ ಹೊಡೆಸುತ್ತಿದ್ದರು.

ನಾನು ಮೋಜಣಿದಾರರ ಕಡೆ ಹೋದೆ. "ಸಾಹೇಬ್ರ, ಗೂಟ ಸಾಕು. ಕಟ್ಟೆಗೆ ಹೋಗೋಣ," ಎಂದೆ.

ಅಷ್ಟು ಹೊತ್ತಿಗೆ ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ. ಅಣ್ಣನ ಪರವಾಗಿ ಬಂದವಳು ತಂಗಿಗೆ ಒಳಗೊಳಗೆ ಸಲಹೆ ಕೊಡುವುದು ತಪ್ಪು. ಆದರೆ ಒಪ್ಪಿಗೆಯ ಪತ್ರ ಬರೆಯುವವಳು, ಒಪ್ಪುವವರೆಲ್ಲರ ಎದುರು ಲೆಕ್ಕವನ್ನು ಓದಿ ಹೇಳಿದರೆ ತಪ್ಪಿಲ್ಲ. ಒಪ್ಪಿಗೆ ಎಂಬ ಪದಕ್ಕೆ ಅಷ್ಟಾದರೂ ಅರ್ಥ ಇರಬೇಕು.

ಕಟ್ಟೆಯ ಹಾಸುಗಲ್ಲಿನ ಮೇಲೆ ಮೋಜಣಿದಾರರ ಸುಣ್ಣದ ಕಡ್ಡಿಯಿಂದ ಇಪ್ಪತ್ತು ಗೆರೆ ಎಳೆದೆ. "ಹದಿನಾರು ಬೇಡ. ಇಪ್ಪತ್ತು ಪಾಲು ಮಾಡೋಣ. ಆಗ ಚಿಲ್ಲರೆ ಬರುವುದೇ ಇಲ್ಲ. ತಾಯಿಗೆ ಆರು, ಅಣ್ಣನಿಗೆ ಆರು, ತಮ್ಮನಿಗೆ ಆರು, ಅಕ್ಕನಿಗೆ ಒಂದು, ತಂಗಿಗೆ ಒಂದು. ಒಂದು ಪಾಲಿಗೆ ಮೂವತ್ತೈದು ಗುಂಟೆ. ಅರ್ಧಾಣೆ ಮಾಡಿದರೆ ಇಪ್ಪತ್ತೊಂದು ಮುಕ್ಕಾಲು, ಅದರ ಮೇಲೆ ಎರಡಾಣೆ."

"ಇಪ್ಪತ್ತಾಣೆ ರೂಪಾಯಿ ಯಾವ ಸಂತ್ಯಾಗ ನಡೀತೈತ್ರಿ ಬಾಯಾರ?" ಎಂದರು ಹಿರಿಯರು. ಎಲ್ಲರೂ ನಕ್ಕರು, ಮೋಜಣಿದಾರರು ಮಾತ್ರ ತಲೆ ತಗ್ಗಿಸಿ ಸರಪಳಿ ಸುತ್ತುತ್ತಿದ್ದರು.

"ಹೊಲ ರೂಪಾಯಿ ಅಲ್ಲ," ಎಂದೆ.

ಅಣ್ಣನ ನಗು ನಿಂತಿತು. "ನೀವು ಯಾರ ಕಡೆ ವಕೀಲ್ರು?"

"ನಿಮ್ಮ ಕಡೆ. ನಿಮ್ಮ ಪಾಲು ಐದೂಕಾಲು ಎಕರೆ. ಅದರಲ್ಲಿ ಒಂದು ಅಂಗುಲ ಬಿಡಿ ಎಂದು ನಾನು ಹೇಳಲಿಲ್ಲ."

ತಂಗಿ ಹೊಸ್ತಿಲು ದಾಟಿ ಗೆರೆಗಳ ಹತ್ತಿರ ಬಂದು ನಿಂತಿದ್ದಳು. ಅಕ್ಕ ಅವಳ ಸೆರಗು ಹಿಡಿದು, "ಬಿಡ, ತವರಮನಿ ದೊಡ್ಡದೋ ಹೊಲಾ ದೊಡ್ಡದೋ? ನಾ ಅರ್ಧಾಣೇಕ್ಕ ಒಪ್ಪೇನಿ," ಎಂದು ಹಿಂದಕ್ಕೆ ಎಳೆಯುತ್ತಿದ್ದಳು. ಆಗ ತಾಯಿ ಒಳಗಿನಿಂದಲೇ ಅಂದರು: "ನಂಗ ಐದಾಣೆ ಯಾಕಪಾ? ನಂದ್ರಾಗ ತಗದ ಆಕಿಗೆ ತುಂಬ್ರಿ. ನಾ ಎಷ್ಟ ಉಣ್ತೇನಿ?"

"ಅವ್ವಾ, ನೀ ಒಳಗ ನಡಿ," ಎಂದ ಅಣ್ಣ.

ತಾಯಿ ಎದ್ದು ಒಳಗೆ ಹೋದರು. ತಾಯಿಯ ಐದಾಣೆ ನಿಜವಾಗಿ ಯಾರಿಗೆಂದು ನನಗೆ ಆಗ ಗೊತ್ತಾಯಿತು. ತಾಯಿ ಇರುವುದು ಅಣ್ಣನ ಮನೆಯಲ್ಲಿ. ಆ ಪಾಲನ್ನು ಅವನು ಆಗಲೇ ತನ್ನದರ ಜೊತೆ ಕೂಡಿಸಿಕೊಂಡಿದ್ದ. ತನ್ನ ಪಾಲಿನಿಂದ ಮಗಳಿಗೆ ಕೊಡುತ್ತೇನೆಂದ ಹೆಂಗಸನ್ನು ಒಂದೇ ಮಾತಿನಲ್ಲಿ ಎಬ್ಬಿಸಿ ಕಳಿಸಿದವನು, ಕೂಡಲೇ ಸೀರೆಯ ಚೀಲವನ್ನು ತಂಗಿಯ ಕಡೆ ಚಾಚಿದ.

"ನಾಳೆ ಮಧ್ಯಾಹ್ನ ಟೆಂಪೋ ತಗೊಂಡು ಬ್ಯಾಡಗಿಗೆ ಬರ್ತೇವಿ. ರಾಣೆಬೆನ್ನೂರಿಗೆ ಹೋಗಿ ರಜಿಸ್ಟ್ರಾರ್ ಮುಂದ ಹೆಬ್ಬಟ್ಟ ಒತ್ತು. ಒತ್ತಿದ್ರ ತವರಮನಿ ಐತಿ. ಇಲ್ಲಂದ್ರ ನಾಗರ ಪಂಚಮಿಗೆ ನಿನ್ನ ತವರಿಗೆ ಕರಿಯಾಕ ಈ ಮನಿಯಿಂದ ಒಂದ ನಾಯಿ ಬರೂದಿಲ್ಲ."

ಅವಳು ಚೀಲ ಮುಟ್ಟಲಿಲ್ಲ. ಹಿರಿಯರು ನನ್ನ ಕಡೆ ತಿರುಗಿ, "ನೀವು ಬರೀರಿ ಬಾಯಾರ, ಅರ್ಧಾಣೆ ಅಂತ," ಎಂದರು. ನಾನು ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಖಾಲಿ ಹಾಳೆಗಳನ್ನು ಚೀಲಕ್ಕೆ ಸೇರಿಸಿ ಎದ್ದೆ. ಹೊರಡುವಾಗ ಯಾರೋ ನೀರಿನ ತಂಬಿಗೆ ತಂದು ಗೆರೆಗಳ ಮೇಲೆ ಸುರಿದರು. ಹಿರಿಯರ ಉಗುಳು ಮಾತ್ರ ಮೂಲೆಯಲ್ಲಿ ಹಾಗೆಯೇ ಇತ್ತು.

ಸಂಜೆಯ ಬಸ್ಸಿನಲ್ಲಿ ತಂಗಿಯೂ ಇದ್ದಳು. ನನ್ನ ಪಕ್ಕದಲ್ಲೇ ಬಂದು ಕೂತಳು. "ಆ ಇಪ್ಪತ್ತು ಪಾಲಿನ ಲೆಕ್ಕಾ ಖರೇನ್ರಿ?" ಎಂದಳು.

"ಖರೇ."

"ಮತ್ತ ನಾಳೆ ನಾ ಏನ್ ಮಾಡ್ಲಿ?"

"ನಾನು ನಿಮ್ಮ ಅಣ್ಣನ ಕಡೆಯವಳು. ಅದನ್ನ ನಾನು ಹೇಳುವ ಹಾಗಿಲ್ಲ."

ನಿಯಮದ ಪ್ರಕಾರ ಸರಿಯಾದ ಮಾತು ಅದು. ನನ್ನ ಬಾಯಿಂದ ಹೊರಬಿದ್ದಾಗ ಕಟ್ಟೆಯ ಮೇಲಿನವರ ಮಾತಿನಂತೆಯೇ ಕೇಳಿಸಿತು. ಅವಳು ತಪ್ಪು ತಿಳಿಯಲಿಲ್ಲ. "ಒತ್ತಿಬಿಡ್ತೇನಿ ಅನಸ್ತೈತ್ರಿ," ಎಂದಳು. "ಹುಡುಗೋರಿಗೆ ಸೋದರಮಾವಂದಿರು ಬೇಕಲ್ರಿ." ಆಮೇಲೆ ತಾನು ಕೆಲಸ ಮಾಡುವ ಅಂಗಳ ಯಾವುದು, ಬಸ್‌ಸ್ಟ್ಯಾಂಡಿನಿಂದ ಅಲ್ಲಿಗೆ ಎಷ್ಟು ಹತ್ತಿರ, ಅಲ್ಲಿ ಕೆಮ್ಮು ಎಷ್ಟು ಎಂದೆಲ್ಲ ಹೇಳುತ್ತ ರಾಣೆಬೆನ್ನೂರಿನವರೆಗೆ ಬಂದಳು.

ಹಿರಿಯ ವಕೀಲರಿಗೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು; ಆ ಮನೆಯ ಕಿರಿಯ ಮಗ ಮೋಟರ್ ಸೈಕಲ್ ಮೇಲೆ ಬಂದು ಹೋಗಿದ್ದ.

"ಅರ್ಧಾಣೆ ಬರೀ ಅಂದ್ರ ಬರೀಬೇಕಪ್ಪ. ಅವ್ರ ಹೊಲಾ, ಅವ್ರ ತಂಗಿ. ನಿಂದೇನು ಹೋಗೂದಿತ್ತು?" ಎಂದರು.

"ಆಕೆ ಒಪ್ಪಿಲ್ಲ ಸರ್. ಆಕೆಗೆ ಮುಕ್ಕಾಲು ಎಕರೆ ಎಂದು ಹೇಳಿದ್ದಾರೆ."

"ನಾಳೆ ಒಪ್ತಾಳ. ಎಲ್ಲಾರೂ ಒಪ್ತಾರ. ಗುಮಾಸ್ತ ಬರದ ಇಡ್ತಾನ. ನೀ ನಾಳೆ ಬಂದು ಅಂಕಿ-ಸಂಖ್ಯಾ ತಾಳೆ ನೋಡು, ಹದಿನಾರು ಕೂಡ್ತೈತಿಲ್ಲೋ ಅಷ್ಟ." ಅವರು ನಕ್ಕರು. ಒಳ್ಳೆಯ ಮನುಷ್ಯರು ಎಂದೇ ಅವರಿಗೆ ಹೆಸರು. ನನ್ನನ್ನು ಮಗಳಂತೆ ಕಾಣುತ್ತಿದ್ದರು ಕೂಡ. ಆ ನಗುವಿನಲ್ಲಿ ಕೇಡು ಇರಲಿಲ್ಲ. ಕೇಡು ಇದ್ದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಬಂದದ್ದು ಹೇಸಿಗೆ: ಕೈ ತೊಳೆಯಬೇಕೆನ್ನಿಸುವ, ತೊಳೆದರೂ ಹೋಗದ ಬಗೆಯದು.

"ನಾಳೆಯಿಂದ ಬರುವುದಿಲ್ಲ ಸರ್," ಎಂದು ಕಪಾಟಿನ ಬೀಗದ ಕೈ ಮೇಜಿನ ಮೇಲಿಟ್ಟೆ. ನಾನು ತಮಾಷೆ ಮಾಡುವವಳಲ್ಲವೆಂದು ಅವರಿಗೂ ಗೊತ್ತಿತ್ತು.

ಮರುದಿನ ಬೆಳಗ್ಗೆ ಬ್ಯಾಡಗಿಯ ಮೊದಲ ಬಸ್ಸು ಹತ್ತಿದೆ. ಅಂಗಳ ಹುಡುಕುವುದು ಕಷ್ಟವಾಗಲಿಲ್ಲ. ಕೆಂಪು ರಾಶಿಗಳ ನಡುವೆ ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು. ನನಗೆ ಕೆಮ್ಮು ಹತ್ತಿ ಮೊದಲು ಮಾತೇ ಹೊರಡಲಿಲ್ಲ. ಅವಳೇ ಗುರುತು ಹಿಡಿದು ಎದ್ದು ಬಂದಳು.

"ನಿನ್ನೆ ನಾನು ನಿಮ್ಮ ಅಣ್ಣನ ಕಡೆ ಇದ್ದೆ," ಎಂದೆ. "ಇವತ್ತು ಯಾರ ಕಡೆಯೂ ಇಲ್ಲ. ನಿಮ್ಮ ವಕೀಲಳಾಗಲಿಕ್ಕೂ ನನಗೆ ಬರುವುದಿಲ್ಲ, ಅವರ ಕೆಲಸಕ್ಕೆ ಹೋಗಿದ್ದವಳು ನಾನು. ಹಾವೇರಿಯಲ್ಲಿ ಬೇರೊಬ್ಬರು ಇದ್ದಾರೆ. ಅವರನ್ನು ನೋಡುವವರೆಗೆ ಹೆಬ್ಬಟ್ಟು ಒತ್ತಬೇಡ್ರಿ."

"ಟೆಂಪೋ ಮಧ್ಯಾಹ್ನ ಬರತೈತ್ರಿ."

"ಅದಕ್ಕೇ ಈಗ ಬಂದೆ."

ಅವಳು ರಾಶಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಪಂಚಮಿ?" ಎಂದಳು. ಅದಕ್ಕೆ ನಾನು ಏನೂ ಮಾಡಲಾರೆ ಎಂದೇ ಹೇಳಿದೆ. ಅವಳು ಮೂಗಿನ ಬಟ್ಟೆ ಬಿಚ್ಚಿ ಮಡಿಲಿನ ತೊಟ್ಟುಗಳನ್ನು ಕೊಡವಿದಳು. ಪಕ್ಕದವಳಿಗೆ, "ಹುಡುಗೋರು ಸಾಲಿಂದ ಬಂದ್ರ ನಿನ್ನ ಹಂತ್ಯಾಕ ಇಟಗೋ," ಎಂದು ಕೂಗಿ ಹೇಳಿ ನನ್ನ ಜೊತೆ ಹೊರಟಳು.

ಹಾವೇರಿ ಬಸ್ಸಿನಲ್ಲಿ ಕೂತ ಮೇಲೆ, "ವಕೀಲ್ರು ಕೇಳಿದ್ರ ನಾ ಏನ್ ಹೇಳ್ಬೇಕ್ರಿ? ನಂಗ ಲೆಕ್ಕಾ ಬರೂದಿಲ್ಲ," ಎಂದಳು.

"ಬರುತ್ತೆ. ಅವರು ಆಣೆಯೊಳಗೆ ಕೇಳಿದರೂ ನೀವು ಗುಂಟೆಯೊಳಗೆ ಹೇಳ್ರಿ."

ಬಸ್ಸು ಮೋಟೆಬೆನ್ನೂರಿನ ಕಡೆ ಹೊರಳಿತು. ಅವಳು ಉರಿಯುವ ಬೆರಳುಗಳನ್ನು ಮಡಿಲ ಮೇಲೆ ಬಿಡಿಸಿಟ್ಟಳು. ನಾನು ಅವೇ ಬೆರಳುಗಳ ಮೇಲೆ, ಮುಟ್ಟದೆ, ಎಣಿಸಲು ಶುರುಮಾಡಿದೆ: ಮೊದಲು ನಾಲ್ಕು ಪಾಲು, ಅದರಲ್ಲಿ ಒಂದು ನಿಮ್ಮ ಅಪ್ಪನದು.